ನಾಲ್ಕೂ ಬಾಜು ಹೊಲಿದ ದಿಂಬು

ರಾತ್ರಿ ಹತ್ತೂವರೆ. ಖಾನಾಪುರದ ಈಚೆ, ಡಾಂಬರು ರಸ್ತೆಯಿಂದ ಊರೊಳಗೆ ಇಳಿಯುವ ಮಣ್ಣುದಾರಿ. ಮೂವತ್ತೆಂಟರ ಗಂಡಸೊಬ್ಬ ಹೊಟ್ಟೆಗೆ ದಿಂಬು ಅವುಚಿಕೊಂಡು ಒಬ್ಬನೇ ಬಾವಿಯ ಕಡೆ ನಡೆಯುತ್ತಿದ್ದಾನೆ... ನಗಬೇಡಿ. ಅವನು ನಮ್ಮ ಕಾಕಾನ ಮಗ ಲಕ್ಷ್ಮಣ. ಹೋದ ವರ್ಷ ಅವನಿಗೇ ಆದದ್ದು ಇದು.

ನಾನು ಕಂಡ ಕಂಡ ದೇಶಗಳ ಲಾಡ್ಜುಗಳಲ್ಲಿ ಒಬ್ಬಳೇ ಮಲಗಿ ಎದ್ದವಳು. ಅಲ್ಲೆಲ್ಲ ನನ್ನನ್ನು ಹೆದರಿಸಿದವರು ಬದುಕಿದ್ದ ಗಂಡಸರೇ. ಆದರೆ ಕತ್ತಲಾದ ಮೇಲೆ ಆ ಬಾವಿಯ ಹತ್ತಿರ ಮಾತ್ರ ನಾನೂ ಹೋಗುವುದಿಲ್ಲ.

ಅದಕ್ಕೆ ಹನ್ನೊಂದು ದಿನ ಮೊದಲು ಲಕ್ಷ್ಮಣನ ಕರುಳು ತೂತು ಬಿದ್ದಿತ್ತು. ಹೊಟ್ಟೆ ಹಲಗೆಯಂತೆ ಬಿಗಿದು, ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಅಪರಾತ್ರಿ ಆಪರೇಷನ್. ಎದೆಯ ಕೆಳಗಿನಿಂದ ಹೊಕ್ಕುಳು ದಾಟುವವರೆಗೆ ಕೊಯ್ದು, ತೊಳೆದು, ಹೊಲಿದರು. ಒಂಬತ್ತನೇ ದಿನ ಮನೆಗೆ ಬಿಡುವ ಮುಂಚೆ ನರ್ಸ್ ನೇತ್ರಾ ಎದುರಿಗೆ ಕೂತು ಹೇಳಿದ್ದಳು.

"ಕೆಮ್ಮು ಬಂದ್ರ ಹೊಟ್ಟಿಗೆ ದಿಂಬು ಒತ್ತಿ ಹಿಡದು ಕೆಮ್ಮಬೇಕ್ರಿ. ತುಂಬಿದ ತಂಬಗಿಗಿಂತ ಭಾರದ್ದು ಏನೂ ಎತ್ತಬ್ಯಾಡ್ರಿ. ಪಟ್ಟಿ ಮ್ಯಾಲ ತೆಳ್ಳನ ಕೆಂಪು ನೀರು ಕಂಡ್ರ, ಬೆಳಕ ಹರೀಲಿ ಅಂತ ಕಾಯಬ್ಯಾಡ್ರಿ. ಒಳಗಿನ ಹೊಲಿಗಿ ಬಿಡಾಕತ್ತಿರತೈತಿ."

ತಾಯಿ ಭರಮವ್ವ ಸೆರಗಿನ ಗಂಟು ಬಿಚ್ಚಿದಳು. "ಚಿಟಿಕಿ ಭಂಡಾರ ಒತ್ತತೇನ್ರಿ ಗಾಯಕ್ಕ. ದೇವರದು."

"ಹಣಿಗೆ ಹಚ್ಚಬೇ, ಎಷ್ಟ ಬೇಕಾದ್ರೂ ಹಚ್ಚು. ಗಾಯದಾಗ ಅರಿಶಿಣಪುಡಿ ಬಿದ್ರ ಕೀವು ಆಗತೈತಿ."

ಭರಮವ್ವ ಮುಖ ಊದಿಸಿಕೊಂಡೇ ಮನೆಗೆ ಬಂದಳು. ಆದರೂ ಅದೇ ರಾತ್ರಿ ತನ್ನ ಹಳೇ ಇಳಕಲ್ ಸೀರೆ ಹರಿದು, ಹತ್ತಿ ತುಂಬಿ, ನಾಲ್ಕೂ ಬಾಜು ಜೋಡುದಾರದಲ್ಲಿ ಹೊಲಿದು ದಿಂಬು ಮಾಡಿದಳು. "ತಗೋ. ನಿನಗಿಂತ ಗಟ್ಟಿ ಐತಿ."

ಹನ್ನೊಂದನೇ ದಿನ ತಾಯಿ-ಮಗ ಬೆಳಗಾವಿಗೆ ಹೋಗಿ ಪಟ್ಟಿ ಬದಲಿಸಿಕೊಂಡು ಹೊರಟರು. ಪೀರನವಾಡಿ ದಾಟಿದ್ದೇ ಬಸ್ಸು ಕೆಟ್ಟು ನಿಂತಿತು. ತಡವಾಗಿ ಇನ್ನೊಂದು ಬಸ್ಸು ಹಿಡಿದು ಇವರು ಊರಿನ ಕ್ರಾಸಿನಲ್ಲಿ ಇಳಿದಾಗ ಕಾದಿದ್ದವನು ನೆರೆಮನೆಯ ರಾಯಪ್ಪ, ಬೈಕಿನೊಂದಿಗೆ.

"ಏನಪಾ, ಹೊಸಾ ಹೇಣ್ತಿನ್ನ ಅಪಗೊಂಡಂಗ ಅಪಗೊಂಡೀ!"

"ನಗಸಬ್ಯಾಡೋ. ನಕ್ಕರೂ ಹರೀತೈತಿ."

ಆ ತಗ್ಗುದಿನ್ನೆಯಲ್ಲಿ ಬೈಕು ಹತ್ತಲು ಅವನಿಗೆ ಧೈರ್ಯ ಬರಲಿಲ್ಲ. "ಅವ್ವನ್ನ ಕರಕೊಂಡು ಹೋಗು. ನಾ ಸಾವಕಾಶ ಬರತೇನಿ. ನಡದ್ರ ಚಲೋ ಅಂದಾರ."

ಬೈಕಿನ ಸದ್ದು ಕರಗಿತು. ಗಾಳಿ ಇಲ್ಲ. ಬಾವಿ ಹತ್ತಿರವಾದಂತೆ ರಾಟೆಯ ಸದ್ದು... ಕಿರ್ರ್... ಕಿರ್ರ್... ಆಮೇಲೆ ಅದೂ ನಿಂತಿತು.

ಕಟ್ಟೆಯ ಮೇಲೆ ತುಂಬಿದ ತಾಮ್ರದ ಕೊಡ. ಪಕ್ಕದಲ್ಲಿ ತಲೆಮೇಲೆ ಸೆರಗು ಹೊದ್ದ ಹೆಂಗಸು.

"ತಮ್ಮಾ... ಕೊಡಾ ಒಂದೀಟು ಹೊರಸತೀಯೇನು?"

ಯಾರು, ಎಂಥವರು ಎಂದು ಅವನು ಕೇಳಲಿಲ್ಲ. ನಮ್ಮ ಕಡೆ ಕೇಳುವುದಿಲ್ಲ. ಬದುವಿನ ಜಗಳಕ್ಕೆ ಕೋರ್ಟು ಹತ್ತಿದ ಮನೆಯವರೂ ಬಾವಿಯಲ್ಲಿ ಒಬ್ಬರಿಗೊಬ್ಬರು ಕೊಡ ಹೊರಿಸುತ್ತಾರೆ. ಬುದ್ಧಿಗಿಂತ ಮೊದಲು ಕೈ ಹೋಯಿತು. ದಿಂಬು ಕಂಕುಳಿಗೆ ಸಿಕ್ಕಿಸಿ, ಕೊಡದ ಕಂಠ ಹಿಡಿದು ಎತ್ತಿದ... ನಾಲ್ಕೇ ಬೆರಳು ಎತ್ತರ.

ಚಿಟಕ್.

ಸದ್ದು ಬಂದದ್ದು ಅವನ ಒಳಗಿನಿಂದ. ಕೈ ಬಿಟ್ಟ.

"ಆಗೂದಿಲ್ಲಕ್ಕಾ... ಹೊಟ್ಟಿಗೆ ಹೊಲಿಗಿ ಅದಾವ."

"ನನಗೂ ಅದಾವ."

ಅವನು ದಿಂಬನ್ನು ಮತ್ತೆ ಹೊಟ್ಟೆಗೆ ಒತ್ತಿಕೊಂಡ. ಅವಳೇ ಕೇಳಿದಳು.

"ಎಷ್ಟ ದಿನ ಆತು?"

"ಹನ್ನೊಂದು."

"ನಾ ಹತ್ತಕ್ಕ ಎತ್ತಿದೆ."

ಅವಳು ಕೆಮ್ಮಿದಳು. ಒಣ ಕೆಮ್ಮು. ಅದರ ಬೆನ್ನಿಗೇ ಅರಿವೆ ಅಂಗಡಿಯಲ್ಲಿ ಹೊಸ ಬಟ್ಟೆ ಸೀಳಿದಂತೆ... ಪರ್ರ್ರ್. ಆಮೇಲೆ ಕಲ್ಲಿನ ಮೇಲೆ... ತಪ್... ತಪ್... ತಪ್.

"ಆ ದಿಂಬು ಕೊಡತೀಯೇನು? ನನಗ ಹಿಂಗ ಹಿಡಕೋ ಅಂತ ಯಾರೂ ಹೇಳಲಿಲ್ಲ."

ಕೊಟ್ಟ. ಅವಳ ಕೈ ಕಾಣಲಿಲ್ಲ. ಅವನ ಕೈ ಮಾತ್ರ ಹಗುರಾಯಿತು.

ಎರಡೂ ಅಂಗೈಯಲ್ಲಿ ಹೊಟ್ಟೆ ಹಿಡಿದು ನಡೆದ. ಓಡುವಂತಿಲ್ಲ, ಕೂಗುವಂತಿಲ್ಲ. ಹಿಂದೆ ಮತ್ತೆ ಕೆಮ್ಮು. ಅವನು ಸೀಳುವ ಸದ್ದಿಗೆ ಕಾದ... ಬರಲಿಲ್ಲ. ಇನ್ನೊಮ್ಮೆ ಕೆಮ್ಮು. ಆಗಲೂ ಬರಲಿಲ್ಲ.

ಮನೆಯ ಬೆಳಕಿನಲ್ಲಿ ಅಂಗಿ ಎತ್ತಿದರೆ ಪಟ್ಟಿಯ ಮೇಲೆ ರೂಪಾಯಿ ಅಗಲದ ತೆಳು ಕೆಂಪು. ನೋಡುತ್ತಿದ್ದಂತೆಯೇ ಅದು ಹರಡಿತು. ಭರಮವ್ವನ ಕೈ ಸೆರಗಿನ ಗಂಟಿಗೆ ಹೋಯಿತು.

"ಈಟ ಭಂಡಾರ ಒತ್ತತೇನಿ. ಬೆಳಕ ಹರೀಲಿ. ಈಗ ಯಾವ ಗಾಡಿ ಸಿಗತೈತಿ?"

"ಹಣಿಗೆ ಹಚ್ಚಬೇ," ಅಂದ ಲಕ್ಷ್ಮಣ. "ಬೆಳಕ ಹರಿಯೂತನಾ ನಾ ಉಳಿಯೂದಿಲ್ಲ."

ಭರಮವ್ವ ಅವನ ಮುಖ ನೋಡಿದಳು. ಹಣೆಗೆ ಹಚ್ಚಿದಳು. ಕಾಸಿ ಆರಿಸಿದ ನೀರಲ್ಲಿ ಒಗೆದ ಪಂಚೆ ಅದ್ದಿ ಪಟ್ಟಿಯ ಮೇಲೆ ಹೊದಿಸಿದಳು. ರಾಯಪ್ಪ ಜೀಪಿನವನೊಬ್ಬನ ಮನೆ ಬಾಗಿಲು ಬಡಿದು ಎಬ್ಬಿಸಿದ. ಎರಡು ಗಂಟೆಗೆ ಮತ್ತೆ ಅದೇ ಆಪರೇಷನ್ ಮೇಜು. ಒಳಗಿನ ಹೊಲಿಗೆ ಒಂದು ಗೇಣು ಬಿಚ್ಚಿತ್ತಂತೆ, ಮೇಲಿನ ಚರ್ಮವಷ್ಟೇ ಹಿಡಿದಿತ್ತಂತೆ. ಬೆಳಗಿನವರೆಗೆ ಬಿಟ್ಟಿದ್ದರೆ ಕರುಳು ಹೊರಗೆ, ಅಂದರು ಡಾಕ್ಟರು.

ಉಳಿದ. ಉಳಿದ ಅಷ್ಟೇ. ಈಗಲೂ ಕೆಮ್ಮಿದರೆ ಹೊಕ್ಕುಳ ಪಕ್ಕದಲ್ಲಿ ಮುಷ್ಟಿಯಷ್ಟು ಉಬ್ಬುತ್ತದೆ. ಮಗಳನ್ನು ಎತ್ತಿಕೊಳ್ಳುವುದಿಲ್ಲ. ಕೊಡದ ಮಾತು ಬಂದರೆ ಎದ್ದು ಹೋಗುತ್ತಾನೆ.

ದೀಪಾವಳಿಗೆ ಹೋದಾಗ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಕಾಕೂ, ಜ್ವರ ಇದ್ದೀತು, ಮಂಪರು ಇದ್ದೀತು, ದಿಂಬು ಎಲ್ಲೋ ಬಿದ್ದಿರಬೇಕು, ಅಂದೆ. ಭರಮವ್ವ ಎದ್ದು ಹೋದಳು. ಒಳಗಿನಿಂದ ಟ್ರಂಕಿನ ಕೀಲು ಕಿರುಗುಟ್ಟಿದ್ದು ಕೇಳಿತು. ಬಂದು ಆ ದಿಂಬನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಮೂರನೇ ದಿನ ಬಾವಿ ಕಟ್ಟಿ ಮ್ಯಾಲ ಸಿಕ್ತು. ಒಗದಿತ್ತು. ಮಡಚಿತ್ತು. ನಾ ಹೊಲದದ್ದ ಹೌದು. ನೋಡು."

ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಎಣಿಸುತ್ತ ಸುತ್ತಲೂ ನೋಡಿದೆ. ಖರೇ ಹೇಳುತ್ತೇನೆ, ಈ ಕೈಯಲ್ಲೇ ಮುಟ್ಟಿದ್ದೇನೆ. ನಾಲ್ಕೂ ಬಾಜು ಅದೇ ಜೋಡುದಾರ. ಒಂದು ಎಳೆಯೂ ಬಿಚ್ಚಿರಲಿಲ್ಲ, ಒಂದು ಕಡೆಯೂ ಹರಿದಿರಲಿಲ್ಲ.

ಒಳಗೆ ಹತ್ತಿ ಇರಲಿಲ್ಲ.