ಆಟಕ್ಕೊಂದು ಉಂಡೆ

…ಇಲ್ಲ ಪದ್ಮಣ್ಣೋರೆ, ಬೆಂಚಿನ ಮೇಲೆ ನೀವು ಕೂತ್ಕೊಳ್ಳಿ. ನಾನು ನಿಂತೇ ಹೇಳ್ತೀನಿ. ಹೊಸನಗರದಿಂದ ಮೊದಲ ಬಸ್ಸಿಗೇ ಬಂದ್ರಲ್ಲ, ಹಾಗಾದ್ರೆ ಚೀಟಿ ತಲುಪಿದೆ. ನಿನ್ನೆ ಕಂಡಕ್ಟರ್ ಕೈಲಿ ಕಳ್ಸುವಾಗ ಗಾಬರಿಗೆ ಅದರ ಮೇಲೆ ನಿಮ್ಮ ಅಂಗಡಿ ಹೆಸರನ್ನೇ ಎರಡು ಸಲ ಬರೆದಿದ್ದೆ. ಡಾಕ್ಟ್ರು ನಿಮಗೂ ಹೇಳಿದ್ರಲ್ಲ? ಜೀವಕ್ಕೆ ಭಯ ಇಲ್ಲ. ಉಸಿರು ಸರಿಯಾಗಿದೆ. ನೀವು ಒಳಗೆ ಮಗಳ ಹತ್ರ ಕೂತಿದ್ದಾಗ ನಾನು ಇಲ್ಲೇ ಬಾಗಿಲ ಹೊರಗಿದ್ದೆ. ಒಳಗೆ ಬರೋಕೆ… ಇರ್ಲಿ.

ಏನಾಯ್ತು ಅಂತ ಹೇಳ್ಬೇಕಲ್ಲ, ಹೇಳ್ತೀನಿ. ನಿನ್ನೆ ಮಧ್ಯಾಹ್ನ ಸಾಗರದ ಮೈದಾನದಲ್ಲಿ ಸೆಮಿಫೈನಲ್. ನಮ್ಮ ಹುಡುಗೀರು ಜೋಗದ ಕಡೆಯವರನ್ನ ಸೋಲಿಸಿದ್ರು. ಗೆಲ್ಸಿದ್ದು ಯಾರು? ನಿಮ್ಮ ಮಾಲಿನಿ. ಮೂರು ನಿಮಿಷ ಒಬ್ಬಳೇ ಓಡಿದ್ಲು, ಯಾರ ಕೈಗೂ ಸಿಗಲಿಲ್ಲ. ನಾನು, ಈ ಜಟ್ಟಿಂಗಪ್ಪ, ಹನ್ನೊಂದು ವರ್ಷದಿಂದ ಡ್ರಿಲ್ ಮೇಷ್ಟ್ರು, ಖೋ-ಖೋದಲ್ಲಿ ಅಂಥ ಕಾಲು ಕಂಡಿಲ್ಲ.

ಆಟ ಮುಗಿದ್ಮೇಲೆ ಎಲ್ಲರೂ ನೆರಳಲ್ಲಿ ಕೂತ್ರು. ದುಗ್ಗಮ್ಮ ಗೊತ್ತಲ್ಲ, ನಮ್ಮ ಕ್ಯಾಪ್ಟನ್ ದುಗ್ಗಿ, ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ವರ್ಷ ಮನೆ ಮುಳುಗಿ ನಮ್ಮೂರಿಗೆ ಬಂದವಳು. ಅವಳ ತಾಯಿ ತಂಡಕ್ಕೆಲ್ಲ ಅಂತ ಶೇಂಗಾ ಉಂಡೆ ಕಟ್ಟಿ ಕಳ್ಸಿದ್ರು. ದುಗ್ಗಮ್ಮ ಹಂಚಿದ್ಲು. ಮಕ್ಕಳು, ಗೆದ್ದ ಖುಷಿ… ಮಾಲಿನಿಗೂ ಕೊಟ್ಟಿರ್ಬೇಕು. ನಾನು ಆ ಕಡೆ ಸುಣ್ಣದ ಗೆರೆ ನೋಡ್ತಿದ್ದೆ. ಕೂಗು ಕೇಳಿ ಓಡಿ ಬಂದೆ. ತುಟಿ ಊದಿತ್ತು, ಮೈಯೆಲ್ಲ ದದ್ದು, ಉಸಿರು ಎಳೀತಿದ್ಲು… ಎತ್ಕೊಂಡು ಓಡಿದೆ. ಈ ಆಸ್ಪತ್ರೆಗೆ ಅರ್ಧ ಮೈಲಿ. ಗಾಡಿ ಹುಡುಕ್ತಾ ನಿಲ್ಲಲಿಲ್ಲ. ಡಾಕ್ಟ್ರು ಇಂಜೆಕ್ಷನ್ ಕೊಟ್ರು. ಇದಕ್ಕೊಂದು ಹೆಸರೂ ಹೇಳಿದ್ರು, ಅಲರ್ಜಿ ಅಂತ. ಇನ್ನು ಕಾಲು ಗಂಟೆ ತಡವಾಗಿದ್ರೆ ಅಂದ್ರು.

ಯಾಕೆ ಹಾಗೆ ನೋಡ್ತೀರಿ?

ಹೌದು, ನೀವು ಮೊದಲೇ ಹೇಳಿದ್ರಿ. ಇಲ್ಲ ಅನ್ನಲ್ಲ. ದಸರಾ ರಜೆ ಮುಗಿದ ವಾರ ಶಾಲೆಗೆ ಬಂದಿದ್ರಿ. ತಿಂಡಿ ತೀರ್ಥಕ್ಕೆಲ್ಲ ಬೇರೆ ಏರ್ಪಾಡು ಬೇಕಾದ ಮಗು ನನಗೆ ಬೇಡ ಅಂತ ಅವಳನ್ನ ತಂಡದಿಂದ ಕೈಬಿಟ್ಟಿದ್ದೆ. ನೀವು ಕೈ ಮುಗಿದು ಕೇಳಿದ್ರಿ. ಬುತ್ತಿ ನಾವೇ ಕಟ್ಟಿ ಕೊಡ್ತೀವಿ, ಶೇಂಗಾ ಒಂದು ಅವಳ ಬಾಯಿಗೆ ಹೋಗದ ಹಾಗೆ ನೋಡ್ಕೊಳ್ಳಿ, ಆಟ ಮಾತ್ರ ತಪ್ಪಿಸ್ಬೇಡಿ ಅಂತ. ಎರಡು ವರ್ಷದವಳಿದ್ದಾಗ ಒಮ್ಮೆ ಉಸಿರು ಕಟ್ಟಿತ್ತು ಅಂತಾನೂ ಹೇಳಿದ್ರಿ. ಹೂಂ ಅಂದೆ, ತಂಡಕ್ಕೆ ತಗೊಂಡೆ. ಆದ್ರೆ ನಂಬಲಿಲ್ಲ. ಊರಿಗೆಲ್ಲ ಒಗ್ಗೋ ಶೇಂಗಾ ಇವಳೊಬ್ಬಳಿಗೆ ವಿಷ ಅಂದ್ರೆ ಹೇಗೆ ನಂಬೋದು? ನೀವು ಜೈನರು, ನೆಲದೊಳಗಿನ ಗೆಡ್ಡೆ ತಿನ್ನಲ್ಲ. ಇದೂ ಅಂಥದ್ದೇ ಇರ್ಬೇಕು, ಇಲ್ಲಾಂದ್ರೆ ನಮ್ಮಂಥವರ ಮನೇದು ಬೇಡ ಅನ್ನೋಕೊಂದು ನೆಪ… ಹಾಗಂದ್ಕೊಂಡೆ.

ನಮ್ಮಪ್ಪ ಗೇಣಿ ಗದ್ದೆ ಮಾಡ್ತಿದ್ದ. ಗದ್ದೆ ಒಡೇರ ಮನೇಲಿ ಊಟ ಅಂದ್ರೆ ನಮಗೆ ಕೊಟ್ಟಿಗೆ ಪಕ್ಕ ಎಲೆ. ಆ ಎಲೇಲಿ ಉಂಡವನು ನಾನು. ಮೇಷ್ಟ್ರಾದ ದಿನಾನೇ ಅಂದ್ಕೊಂಡಿದ್ದೆ, ನನ್ನ ಮಕ್ಕಳು ಒಂದೇ ಸಾಲಲ್ಲಿ ಕೂತು ಒಂದೇ ಪಾತ್ರೆಯಿಂದ ಉಣ್ಬೇಕು ಅಂತ. ಅದು ತಪ್ಪಾ?



ಯಾರು ತಿನ್ನಿಸಿದ್ದು ಅಂತ ನೀವು ಕೇಳಲೇ ಇಲ್ಲ. ಯಾವ ಅಪ್ಪನಾದ್ರೂ ಬಂದವನೇ ಮೊದಲು ಅದನ್ನ ಕೇಳ್ತಾನೆ. ದುಗ್ಗಮ್ಮ ಕೊಟ್ಟಳು ಅಂದಾಗ ನಿಮ್ಮ ಮುಖದಲ್ಲಿ ಸಿಟ್ಟೂ ಕಾಣಲಿಲ್ಲ. ನನ್ನನ್ನೇ ನೋಡ್ತಾ ಕೂತ್ರಿ… ಮಾಲಿನಿ ಮಾತಾಡಿದ್ಲಾ? ಗಂಟಲು ಕಟ್ಟಿದೆ, ಇವತ್ತು ಮಾತು ಬರಲ್ಲ ಅಂದಿದ್ರು ನರ್ಸಮ್ಮ.

ಹೇಳಿದ್ಲು. ಅಲ್ವಾ?

ನಾನು ಗೆರೆ ನೋಡ್ತಿರಲಿಲ್ಲ ಪದ್ಮಣ್ಣೋರೆ. ಅಲ್ಲೇ ಇದ್ದೆ. ದುಗ್ಗಿ ಅವಳಿಗೆ ಶೇಂಗಾ ಕೊಡಲೇ ಇಲ್ಲ. ಆ ಮಕ್ಕಳು ನಮ್ಮನ್ನ ಯಾರನ್ನೂ ಕೇಳದೆ ತಮ್ಮಲ್ಲೇ ಎಲ್ಲ ಸರಿ ಮಾಡ್ಕೊಂಡಿದ್ರು. ಶೇಂಗಾ ತಿಂದವರು ಕೈ ಬಾಯಿ ತೊಳೆದೇ ಮಾಲಿನಿ ಪಕ್ಕ ಬರ್ತಿದ್ರು. ದುಗ್ಗಿ ತಾಯಿಗೆ ಹೇಳಿ ಅವಳಿಗೆ ಅಂತಲೇ ಮಂಡಕ್ಕಿ ಉಂಡೆ ಕಟ್ಟಿಸಿ ತಂದಿದ್ಲು, ಬೇರೆ ಡಬ್ಬೀಲಿ. ನಿಮ್ಮ ಮಗಳು ಅದನ್ನ ತಿಂತಾನೂ ಇದ್ಲು. ದುಗ್ಗಿ ಮನೇದೇ ತಿಂತಿದ್ಲು! ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಡಬ್ಬಿ ಅನ್ನೋದೊಂದೇ. ಮೈ ಉರೀತು. ಶೇಂಗಾ ಉಂಡೆ ತೆಗೆದು ಅವಳ ಕೈಗೆ ನಾನೇ ಇಟ್ಟೆ. ದುಗ್ಗಿ ನನ್ನ ತೋಳು ಹಿಡ್ಕೊಂಡು, "ಬೇಡ ಸಾರ್, ಅವಳಿಗೆ ಆಗಲ್ಲ" ಅಂದ್ಲು. ಕೊಡವಿದೆ. ಮಾಲಿನಿಗೆ ಹೇಳಿದೆ, "ತಿಂದ್ರೆ ನಾಳೆ ಫೈನಲ್ ಆಡ್ತೀಯ. ಇಲ್ಲಾಂದ್ರೆ ಮನೆಗೆ ಹೋಗು."

ನನ್ನ ಮುಖ ನೋಡಿದ್ಲು. ಮೈದಾನದ ಕಡೆ ನೋಡಿದ್ಲು. ಅರ್ಧ ತಿಂದ್ಲು. ಹನ್ನೆರಡು ವರ್ಷದ ಮಗು ಪದ್ಮಣ್ಣೋರೆ, ತಿಂದ್ರೆ ಏನಾಗತ್ತೆ ಅಂತ ಗೊತ್ತಿದ್ದೂ… ಆಡೋ ಆಸೆಗೆ.

ಆಮೇಲೆ ಕೇಳಿದವರಿಗೆಲ್ಲ ದುಗ್ಗಿ ಹೆಸರು ಹೇಳಿದೆ. ಅವಳು ಕೇಳಿಸ್ಕೊಂಡ್ಲು. ಅಲ್ಲ ಅನ್ನಲಿಲ್ಲ. ಮೇಷ್ಟ್ರೇ ಹೇಳಿದ್ಮೇಲೆ, ಉಂಡೆ ತಂದ ತನ್ನದೇ ತಪ್ಪು ಅಂದ್ಕೊಂಡಿರ್ಬೇಕು. ಅಗೋ, ಆ ಮೆಟ್ಟಿಲ ಮೇಲೆ ಕೂತಿದಾಳೆ. ನಿನ್ನೆಯಿಂದ ನೀರೂ ಮುಟ್ಟಿಲ್ಲ.

ಎದ್ರಾ? ಹೊಡೀರಿ ಬೇಕಾದ್ರೆ, ನಾನು… ಎಲ್ಲಿಗೆ? ಆ ಹುಡುಗಿ ಹತ್ರಾನಾ… ತಡೀರಿ. ನೀವು ಹೇಳ್ಬೇಡಿ. ತಪ್ಪು ಅವಳದಲ್ಲ ಅಂತ ಅವಳಿಗೆ ನಾನು ಹೇಳ್ಬೇಕಾದ್ದು. ಎಲ್ಲರ ಎದುರಿಗೇ ಹೇಳ್ತೀನಿ, ಒಂದು ನಿಮಿಷ ತಡೀರಿ ಪದ್ಮಣ್ಣೋರೆ…