ಉಜ್ಜಿದ ಗುರುತು

ಹಾಂ, ಬರ್ಕೊಳ್ಳಿ. ಮಾರ್ಚ್ ಹನ್ನೊಂದು, ಮಂಗಳವಾರ. ಮೋಡ ಇದೆ, ಗಾಳಿ ಇಲ್ಲ, ನೆರಳಲ್ಲಿ ಮೂವತ್ತೊಂದು ಡಿಗ್ರಿ. ಬರೆದ್ರಾ? ಹವಾಮಾನ ಬರೀದೆ ಪೈಪ್ ನೋಡೋಕೆ ಹೊರಡಬಾರದು ಅಂತ ಹೇಳಿಕೊಟ್ಟವನು ನಾನೇ ಅಲ್ವೇ... ಯಾಕೆ ನಗ್ತೀರಿ? ಓ, ‘ನೀವು’ ಅಂದೆ ಅಂತಲಾ! ಮತ್ತೇನು ಮಾಡೋದಮ್ಮಾ? ಅವತ್ತು ಡ್ರಾಯಿಂಗ್ ಆಫೀಸಲ್ಲಿ ‘ಏ ಹುಡುಗಿ, ಸ್ಕೇಲ್ ಕೊಡಿಲ್ಲಿ’ ಅಂತಿದ್ದೆ. ಆಗ ಈ ಕಾರ್ಖಾನೆ ಇನ್ನೂ ಕಾಗದದ ಮೇಲಿತ್ತು. ಈಗ ನೀವು ಇನ್ಶೂರೆನ್ಸ್ ಕಂಪನಿಯ ಇನ್‌ಸ್ಪೆಕ್ಟರ್. ನಿಮ್ಮ ಸಹಿ ಬಿದ್ದರೆ ಈ ಲೈನ್ ಹೀಗೇ ಓಡ್ತಿರುತ್ತೆ, ನಾನು ತಿಂಗಳ ಕೊನೆಗೆ ನಾಲ್ಕು ಒಳ್ಳೆ ಮಾತು ಕೇಳಿಸ್ಕೊಂಡು ರಿಟೈರ್ ಆಗ್ತೀನಿ. ಬೀಳದಿದ್ದರೆ... ಬೀಳದೆ ಏನು! ಬನ್ನಿ ಬನ್ನಿ.

ಗೇಟಲ್ಲಿ ತುಂಬ ಹೊತ್ತು ನಿಂತಿದ್ರಲ್ಲ? ಕಿಟಕಿಯಿಂದ ನೋಡ್ತಿದ್ದೆ. ಅಲ್ಲಿ ಕಾರುಗಳಿಗೆ ಚೀಟಿ ಕೊಡೋನು ಏನಾದ್ರೂ ಅಂದ್ನಾ? ಏನಿಲ್ವಾ? ಹಾಂ... ನಂಬರು ಮೂರು ಮೂರು ಸಲ ನೋಡ್ತಾನೆ, ಆಮೇಲೆ ಚೀಟಿ ಹರೀತಾನೆ. ಎಲ್ಲರಿಗೂ ಹಾಗೇ. ಪಾಪದೋನು, ಬಿಡಿ.

ಕೆಳಗೆ ಪಂಪ್ ನೋಡಿ ಆಯ್ತಲ್ಲ, ಈ ಮೆಟ್ಟಿಲು ಹತ್ತಿ ಬನ್ನಿ. ಹೊಸ ಸೀಲ್, ಹೊಸ ಬೇರಿಂಗ್, ಒಂದು ಹನಿ ಎಣ್ಣೆ ಸೋರಲ್ಲ. ಇಲ್ಲಿಂದ ಲೈನ್ ನೆಟ್ಟಗೆ ಹೋಗುತ್ತೆ, ಕೊನೆಯಲ್ಲಿ ಬಳಸಿಕೊಂಡು ಬಾಗೋ ಆ ದೊಡ್ಡ ಲೂಪ್. ಕೈ ಇಡಬೇಡಿ! ಒಳಗೆ ಇನ್ನೂರ ಎಂಬತ್ತು ಡಿಗ್ರಿ ಎಣ್ಣೆ. ಏಳು ಬೀಮು, ಒಂದೊಂದರ ಮೇಲೂ ಪೈಪಿನ ಒಂದು ಶೂ, ಅಂದ್ರೆ ಅದನ್ನ ಹೊರೋ ಕಬ್ಬಿಣದ ಪಾದ. ಪೈಪ್ ಬಿಸಿಯಾದ್ರೆ ಉದ್ದ ಆಗುತ್ತೆ, ಶೂ ಬೀಮಿನ ಮೇಲೆ ಜಾರುತ್ತೆ, ಲೂಪು ಅಷ್ಟನ್ನೂ ನುಂಗುತ್ತೆ. ಇಷ್ಟೇ ಕಥೆ. ಮೂವತ್ತು ವರ್ಷ ಇದೇ ಪಾಠ ಹೇಳಿದೆ. ಜಾರೋಕೆ ಬಿಡಿ. ತಡೆದ್ರೆ ಅದೇನು ಸುಮ್ಮನಿರಲ್ಲ, ಎಲ್ಲಿ ಬಡಪಾಯಿ ಸಿಗ್ತಾನೋ ಅಲ್ಲಿ ಹೋಗಿ ಒದೆಯುತ್ತೆ... ಹೌದೌದು, ನಿಮಗೆ ಬಾಯಿಪಾಠ. ಮನೇಲಿ ಗೀಸರ್ ಪೈಪಿಗೆ ಪ್ಲಂಬರ್ ಗಟ್ಟಿಯಾಗಿ ಕ್ಲಾಂಪ್ ಬಿಗಿದಿದ್ದ. ನಿಂತು ಬಿಚ್ಚಿಸಿದೆ. ನನ್ನ ಹೆಂಡತಿ ಏನಂದಳು ಗೊತ್ತಾ? ‘ಆ ಪೈಪಿಗೆ ಇರೋ ಯೋಗ ನನಗಿಲ್ಲ ನೋಡಿ!’

ಏನದು ಬಗ್ಗಿ ನೋಡೋದು? ಬಣ್ಣವಾ? ಹೊಸದೇ. ಮೊನ್ನೆ ಹೊಡೆಸಿದ್ದು. ಯಾರಾದ್ರೂ ಬರ್ತಾರೆ ಅಂದ್ರೆ ಮನೆ ಗುಡಿಸಲ್ವಾ? ಅದೂ ನೀವು ಬರ್ತೀರಿ ಅಂದಮೇಲೆ...

ಅಯ್ಯೋ, ಕಾರಿನ ಕೀಲಿಯಿಂದ ಕೆರೀತೀರಲ್ಲ! ಪೇಂಟರ್ ನೋಡಿದ್ರೆ ಅತ್ತುಬಿಡ್ತಾನೆ. ಏನು ಹುಡುಕ್ತೀರಿ? ಉಜ್ಜಿದ ಗುರುತಾ? ...ಹೌದು. ಶೂ ಜಾರಿದ ಕಡೆ ಬೀಮು ಹೊಳೆಯುತ್ತೆ, ಚಮಚದ ಬೆನ್ನಿನ ಹಾಗೆ. ಡ್ರಾಯಿಂಗ್ ಸುಳ್ಳು ಹೇಳಬಹುದು, ಇಂಜಿನಿಯರ್ ಸುಳ್ಳು ಹೇಳಬಹುದು, ಗುರುತು ಹೇಳಲ್ಲ... ಯಾರ ಮಾತು ಇದು? ನನ್ನದೇ? ಛೆ. ಎಂಥ ಜ್ಞಾಪಕಶಕ್ತಿ ರೀ ನಿಮ್ಮದು! ಆಗ ಇಷ್ಟು ಇರಲಿಲ್ಲ. ಇದ್ದಿದ್ದರೆ ಇಷ್ಟೆಲ್ಲ ಹೇಳಿಕೊಡ್ತಿರಲಿಲ್ಲ.

ಸಿಕ್ತಲ್ಲ, ಒಂದನೇ ಬೀಮು? ಪೈಪಿನ ಉದ್ದಕ್ಕೆ ಸಣ್ಣ ಗುರುತು. ಸರಿಯಾಗಿದೆ. ಎರಡು, ಸರಿ. ಇನ್ನು ಸಾಕಲ್ವಾ? ನಡೀರಿ, ಕಂಟ್ರೋಲ್ ರೂಮಲ್ಲಿ ಟೀ ಬಂದಿರುತ್ತೆ. ...ಮೂರನ್ನೂ ನೋಡಬೇಕಾ? ನೋಡಿ. ನಿಮ್ಮ ಕೀಲಿ, ನಿಮ್ಮ ಇಷ್ಟ.

ಏನು? ಓರೆಯಾಗಿದೆಯಾ? ಎಲ್ಲಿ... ಸ್ವಲ್ಪ ಓರೆ ಇರಬಹುದಪ್ಪ. ಪೈಪೇನು ಸ್ಕೇಲ್ ಹಿಡಿದು ನಡೆಯುತ್ತಾ? ನಾಲ್ಕು... ಐದು... ಆರು... ಹೂಂ. ಅಡ್ಡ ಇದೆ. ಪೂರ್ತಿ ಅಡ್ಡ. ಅದು... ಗಾಳಿ. ಈ ಕಡೆ ಸಂಜೆ ಹೊತ್ತು ಗಾಳಿ ಜೋರು. ಯಾಕೆ ಪುಸ್ತಕ ತೋರಿಸ್ತೀರಿ? ‘ಗಾಳಿ ಇಲ್ಲ’ ಅಂತ ನಾನೇ ಬರೆಸಿದೆ, ಸರಿ. ಇವತ್ತಿಲ್ಲ. ಬೇರೆ ದಿನ ಇರುತ್ತೆ.

ನಗಬೇಡ ಮಾರಾಯ್ತಿ. ನಗೋ ವಿಷಯ ಅಲ್ಲ. ...ನಗ್ತಿಲ್ವಾ? ನಗು, ಪರವಾಗಿಲ್ಲ.

ಅದು ಏಳನೇದು. ಅದಕ್ಕೆ ತಗಡು ಮುಚ್ಚಿಸಿದ್ದೀನಿ, ಮಳೆ ನೀರು ಹೋಗದಿರಲಿ ಅಂತ. ಬೇರೆ ಆರಕ್ಕೆ ಯಾಕಿಲ್ಲ? ಒಳ್ಳೆ ಪ್ರಶ್ನೆ... ಬೇರೆ ಆರಕ್ಕೆ... ತಗಡು ಸಾಲಲಿಲ್ಲ.

ಪಂಪಿನ ವಿಷಯನಾ? ಈಗ್ಯಾಕೆ? ಹೌದು, ಹೋದ ವರ್ಷ ಬೇರಿಂಗ್ ಮೇಲೆ ಬೇರಿಂಗ್ ಹೋಯ್ತು. ಸೀಲೂ ಹೋಯ್ತು. ಒಂದು ಸಲ ಎಣ್ಣೆ ಸೋರಿ ಹೊಗೆ ಎದ್ದಿತ್ತು, ಹೊತ್ತಿಕೊಳ್ಳಲಿಲ್ಲ, ನಮ್ಮ ಅದೃಷ್ಟ. ಅದು ಫಿಟ್ಟರ್ ತಪ್ಪು. ವಿಚಾರಣೆ ಆಗಿ ಮುಗಿದ ವಿಷಯ ಅದು. ಪಂಪಿನ ಶಾಫ್ಟನ್ನ ಮೋಟರಿಗೆ ನೇರವಾಗಿ ಕೂರಿಸಿಲ್ಲ ಅಂತ ಕೆಲಸದಿಂದ ತೆಗೆದ್ರು. ಒಳ್ಳೆ ಕೈ ಇತ್ತು ಅವನಿಗೆ, ಇಲ್ಲ ಅನ್ನಲ್ಲ. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಸವರಿ, ಕೂದಲೆಳೆಯಷ್ಟು ಆಚೀಚೆ ಇದ್ರೂ ಹೇಳ್ತಿದ್ದ. ತಣ್ಣಗಿದ್ದಾಗ ಕೂರಿಸಿದ್ದು ಕರಾರುವಾಕ್ಕು. ಬಿಸಿಯಾದ್ರೆ ತಪ್ಪಿರ್ತಿತ್ತು. ‘ಪೈಪ್ ತಳ್ತಾ ಇದೆ’ ಅಂತ ಒಂದು ಸಲ ಅಂದ. ಪೈಪ್ ತಳ್ಳೋಕೆ ಸಾಧ್ಯವೇ ಇಲ್ಲ, ಅದು ಸಲೀಸಾಗಿ ಜಾರುತ್ತೆ ಅಂತ ಸಮಿತಿಯವರ ಮುಂದೆ ಹೇಳಿದ್ರು. ಯಾರು? ಯಾರೋ... ಪೈಪಿನ ವಿಷಯ ಗೊತ್ತಿದ್ದವರು.

ಹಾಗೆ ನೋಡಬೇಡಿ ಮೇಡಂ.

ಸ್ಕ್ರೂಡ್ರೈವರ್! ಬ್ಯಾಗಲ್ಲಿ ಅದನ್ನೂ ಇಟ್ಕೊಂಡು ಬಂದಿದ್ದೀರಾ? ಬೇಡ, ಬಿಸಿ ಇದೆ, ಕೈ ಸುಟ್ಟೀತು... ಆ ಸ್ಕ್ರೂ ತುಕ್ಕು ಹಿಡಿದಿದೆ, ಬರಲ್ಲ... ಬಂತಾ. ಇನ್ನೊಂದೂ ಬಂತು.

...

ಹೌದು. ಬೆಸುಗೆ. ಶೂ ಬೀಮಿಗೆ ಬೆಸೆದಿದೆ. ಎರಡೂ ಕಡೆ, ಉದ್ದಕ್ಕೂ. ನಿಮ್ಮ ಕಣ್ಣಿಗೇನು ಕಾಣಲ್ವಾ, ನಾನು ಹೇಳಬೇಕಾ?

ಕೇಳಿ, ಮೊದಲು ಕೇಳಿ. ಕಟ್ಟುವಾಗ ಗೋಡೌನ್ ಅಡ್ಡ ಬಂತು, ಲೂಪನ್ನ ಆಚೆಗೆ ಸರಿಸಿದ್ವಿ. ಪೈಪ್ ಉದ್ದ ಆಯ್ತು. ಶೂ ಹಳೇ ಅಳತೆಯದ್ದೇ ಉಳೀತು. ಲೆಕ್ಕ ಮತ್ತೆ ಮಾಡಬೇಕಿತ್ತು. ಮಾಡ್ತಿದ್ದೆ, ಮಾಡ್ತಿದ್ದೆ, ಏನೋ ಕೆಲಸ... ಪ್ರಯೋಗಕ್ಕೆ ಅಂತ ಮೊದಲ ಸಲ ಬಿಸಿ ಮಾಡಿದ ದಿನ ಬಂದು ನೋಡ್ತೀನಿ, ಈ ಏಳನೇ ಶೂ ಬೀಮಿನ ಅಂಚಿಗೆ ಬಂದು ನಿಂತಿದೆ! ಇನ್ನೊಂದು ಬೆರಳು ಜಾರಿದ್ರೆ ಕೆಳಗೆ. ಆ ದಿನ ನಾನು ಒಬ್ಬನೇ ನೋಡಿದ್ದು. ಎಣ್ಣೆ ತಣ್ಣಗಾದ ಮೇಲೆ ಶೂ ತಾನಾಗಿ ಹಿಂದಕ್ಕೆ ಬಂತು, ಏನೂ ಆಗೇ ಇಲ್ಲ ಅನ್ನೋ ಹಾಗೆ. ಉದ್ದದ ಶೂ ಹಾಕಿಸಬಹುದಿತ್ತು. ಹಾಕಿಸೋಕೆ ಕಾರಣ ಬರೀಬೇಕಲ್ಲ. ಈ ವಿಷಯದಲ್ಲಿ ಪುಸ್ತಕ ಬರೆದಷ್ಟು ಪಾಠ ಮಾಡಿದವನು, ಲೆಕ್ಕ ಮಾಡೋದು ಮರೆತೆ ಅಂತ ಬರೀಬೇಕಿತ್ತು. ಮುಂದಿನ ಶಟ್‌ಡೌನ್ ತನಕ ಅಂತ ಬೆಸೆಸಿದೆ. ತಾತ್ಕಾಲಿಕ. ಶಟ್‌ಡೌನ್ ಬಂತು, ಹೋಯ್ತು. ಬೆಸುಗೆ ಚೆನ್ನಾಗಿತ್ತು ನೋಡಿ, ಬಿಚ್ಚೋಕೆ ಮನಸ್ಸಾಗಲಿಲ್ಲ.

ಪೈಪ್ ಮುಂದಕ್ಕೆ ಹೋಗೋ ಹಾಗಿಲ್ಲ. ಪಕ್ಕಕ್ಕೆ ಡೊಂಕಾಯ್ತು, ಹಿಂದಕ್ಕೆ ತಳ್ತು. ಹಿಂದೆ ಯಾರಿದ್ದ? ಪಂಪ್ ಇತ್ತು. ಪಂಪಿನ ಪಕ್ಕ ಅವನಿದ್ದ.

ಬರೀರಿ. ಬರೀಬೇಡಿ ಅಂತ ನಾನು ಹೇಳಿಲ್ಲ. ಇಪ್ಪತ್ತು ದಿನ ತಡೆದು ಬರೆದ್ರೆ ನಿಮಗೇನು ನಷ್ಟ ಅಂತ ಕೇಳ್ತಿದ್ದೀನಿ, ಅಷ್ಟೇ. ...ಇಲ್ಲ, ಸರಿ, ಎಣ್ಣೆ ಇಪ್ಪತ್ತು ದಿನ ಕಾಯಲ್ಲ. ಅದೂ ನಾನೇ ಹೇಳಿಕೊಟ್ಟದ್ದಿರಬೇಕು.

ಆ ಫಿಟ್ಟರ್ರಾ? ಅವನು... ನನ್ನ ಹೆಂಡತಿಯ ತಮ್ಮ. ನಾನೇ ಕೆಲಸಕ್ಕೆ ಸೇರಿಸಿದ್ದು. ಅವಳು ಈಗಲೂ ಅವನಿಗೆ ಮುಖ ಕೊಟ್ಟು ಮಾತಾಡಲ್ಲ. ‘ನಿಮ್ಮ ಮರ್ಯಾದೆ ಕಳೆದುಬಿಟ್ಟ’ ಅಂತಾಳೆ. ನಾನೇ ಸಮಾಧಾನ ಮಾಡ್ತೀನಿ. ‘ಹೋಗ್ಲಿ ಬಿಡೇ, ಒಡಹುಟ್ಟಿದವನು’ ಅಂತ. ಎಲ್ಲರೂ ನನ್ನನ್ನ ಎಷ್ಟು ದೊಡ್ಡ ಮನಸ್ಸಿನವನು ಅಂತಾರೆ ಗೊತ್ತಾ?

ಬೇರೆ ಕೆಲಸ ಕೊಡಿಸಿದ್ದೀನಿ. ಬೀದಿಗೆ ಬಿಟ್ಟಿಲ್ಲ. ಇಲ್ಲೇ ಇದ್ದಾನೆ, ಬೆಳಿಗ್ಗೆ ನೋಡಿದ್ರಲ್ಲ...

ಎಲ್ಲಿಗೆ ಹೊರಟೆ? ಕಂಟ್ರೋಲ್ ರೂಮ್ ಈ ಕಡೆ. ಗೇಟಿಗಾ? ನಿಲ್ಲಮ್ಮಾ. ನಿಲ್ಲು, ನನಗೆ ಮೆಟ್ಟಿಲು ಬೇಗ ಇಳಿಯೋಕಾಗಲ್ಲ. ಅವನನ್ನ ಕೇಳಿದ್ರೆ ಏನೂ ಸಿಗಲ್ಲ. ಅವನಿಗೇ ಗೊತ್ತಿಲ್ಲ! ಪೈಪ್ ತಳ್ಳುತ್ತೆ ಅಂದಿದ್ದನ್ನೂ ಮರೆತಿದ್ದಾನೆ. ವಿಚಾರಣೆ ಆದ ರಾತ್ರಿ ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಹೇಳಿದೆ, ಪ್ರೀತಿಯಿಂದಲೇ ಹೇಳಿದೆ. ‘ವಯಸ್ಸು ಕಣೋ. ನಿನ್ನ ಕೈ ನಡುಗುತ್ತೆ, ನಿನಗೆ ತಿಳಿಯಲ್ಲ’ ಅಂತ. ನಡುಗ್ತಿರಲಿಲ್ಲ. ಒಂದಿಷ್ಟೂ ನಡುಗ್ತಿರಲಿಲ್ಲ. ಕೈ ಮುಂದೆ ಚಾಚಿ ನೋಡ್ಕೊಂಡ, ತುಂಬ ಹೊತ್ತು...

ಆಮೇಲೆ ಶುರುವಾಯ್ತು.

ಈಗ ಭಾನುವಾರ ಮನೆಗೆ ಬಂದ್ರೆ ಟೀ ಲೋಟ ಎರಡೂ ಕೈಯಲ್ಲಿ ಹಿಡ್ಕೋತಾನೆ. ಹಿಡ್ಕೊಂಡು ಹೇಳ್ತಾನೆ, ‘ಭಾವ, ನೀವಿಲ್ಲದೇ ಹೋಗಿದ್ರೆ ನನಗೆ ಈ ಗೇಟೂ ಇರ್ತಿರಲಿಲ್ಲ.’