ಬಾಬು ಉರುಳಿಸಿಕೊಂಡು ಬಂದ ಟೈರು

ದೀಪ ಸಣ್ಣ ಮಾಡ್ರಿ, ಹೇಳ್ತೀನಿ. ನಡುವ ನಗಬ್ಯಾಡ್ರಿ. ಈಗ ನಕ್ಕವರು ಆಮ್ಯಾಲೆ ಒಬ್ಬರೇ ಬಚ್ಚಲಕ್ಕ ಹೋಗಂಗಿಲ್ಲ, ಅದೂ ನನಗ ಗೊತ್ತದ.

ಇದು ನಮ್ಮ ಗುರಣ್ಣಗ ಆದದ್ದು. ನನ್ನ ದೊಡ್ಡವ್ವನ ಮಗ. ದುಡಿಯಾಕ ಹೋಗಿ ಭೋಸರಿ ಅನ್ನೋ ಕಾರಖಾನಿ ಊರಾಗ ಹಳೇ ಟೈರಿನ ಅಂಗಡಿ ಇಟ್ಟಾನ. ಅವತ್ತು ರಾತ್ರಿ ಅಂಗಡಿ ಮುಚ್ಚಿ ನಡಕೋತ ಮನಿಗೆ ಹೊಂಟಿದ್ದ. ಕಾರಖಾನಿ ಗ್ವಾಡಿ ಮುಗಿದಲ್ಲಿ ಒಂದು ಆಲದ ಮರ ಅದ, ಅದರ ಬುಡಕ್ಕ ಜಾಳಿಗಿ ಹಾಕಿದ ಹಳೇ ಬಾವಿ. ರಸ್ತೆದಾಗ ಯಾರೂ ಇಲ್ಲ... ಹಿಂದಿಂದ ಸಪ್ಪಳ ಬಂತು.

ಗುರ್ರ್... ಥಪ್. ಗುರ್ರ್... ಥಪ್.

ಗುರಣ್ಣಗ ಆ ಸಪ್ಪಳ ಹೊಸಾದಲ್ಲ. ಒಂದು ಕಡೆ ಉಬ್ಬಿದ ಟೈರು ಉರುಳಿಸಿದ್ರ ಹಂಗೇ ಬರ್ತದ, ಉಬ್ಬು ನೆಲಕ್ಕ ತಾಗಿದಾಗೊಮ್ಮೆ ಥಪ್ ಅಂತದ. ತಿರುಗಿ ನಿಂತ. ಯಾರೋ ಒಬ್ಬ ಟೈರು ಉರುಳಿಸಿಕೋತ ಬಂದು ಇವನ ಮುಂದ ನಿಲ್ಲಿಸಿದ. ಮಾರಿ ಕತ್ತಲದಾಗ.

"ಅಣ್ಣಾ... ಇದು ನಡೀತದೇನು?"

ಪಿಸುಮಾತು. ಹೊಟ್ಟಿಪಾಡಿನ ಚಾಳಿ ನೋಡ್ರಿ, ಗುರಣ್ಣ ಬಗ್ಗಿ ಹೆಬ್ಬೆಟ್ಟು ಇಟ್ಟು ನೋಡಿದ. ನೆಲಕ್ಕ ತಾಗೋ ಹಲ್ಲು, ಅದಕ್ಕ ಬಟನ್ ಅಂತಾರ, ಸವದೇ ಇಲ್ಲ. "ನಡೀ..." ಅನ್ನೋದ್ರಾಗ ಕೈ ಪಕ್ಕಕ್ಕ ಜಾರಿತು. ಪಕ್ಕದ ರಬ್ಬರು ಒಣಗಿದ ಕೆರಿ ಹಂಗ ಬಿರಿದಿತ್ತು. ಬಿರಿದಲ್ಲೆಲ್ಲ ಕರೇ ಪಾಲಿಶ್. ಬೆರಳಿಗೆ ಹತ್ತಿತು. ಆ ವಾಸನಿ... ತಾನೇ ಹಚ್ಚಿದ ಪಾಲಿಶ್. ತಲಿ ಎತ್ತಿದ. ಎದುರಿಗೆ ಬಾಬು.

ಬಾಬು ಸತ್ತು ಆಗಲೇ ವರ್ಷದ ಮ್ಯಾಲ ಆಗಿತ್ತು.

ಗುರಣ್ಣನ ಓಣಿಯವನೇ ಬಾಬು, ನಮ್ಮ ಆಳಂದ ಕಡಿಯವ, ಮನಿ ಕಟ್ಟೂ ಗೌಂಡಿ ಮೇಸ್ತ್ರಿ. ಯಾರದೋ ಹಳೇ ಕಾರು ಕೊಂಡಿದ್ದ. ಅದು ವರ್ಷಾನುಗಟ್ಟಲೆ ಗವಸು ಹೊದ್ದು ನಿಂತ ಕಾರು. ಓಡಿರಲೇ ಇಲ್ಲ, ಅದಕ್ಕ ಬಟನ್ ಹೊಸಾದರಂಗ ಇತ್ತು. ಆದ್ರ ನಿಂತ ಟೈರಿಗೂ ಮುಪ್ಪು ಬರ್ತದ್ರಿ. ಟೈರಿನ ಪಕ್ಕದಾಗ ಅದು ಹುಟ್ಟಿದ ವಾರ, ವರ್ಷ ಒತ್ತಿರ್ತಾರ. ಗುರಣ್ಣ ಓದಿದ್ದ. ಹತ್ತು ವರ್ಷ ದಾಟಿತ್ತು. ಬಿರುಕೂ ಕಂಡಿದ್ದ.

ಆದ್ರ ಬಾಬು ಟೈರು ತೋರಿಸಿದ ದಿನ ಖಂಡೇಪೂಜಿ, ಅಂದ್ರ ಆಯುಧಪೂಜಿ. ಜ್ಯಾಕು, ಪಾನಾ, ಸುತ್ತಿಗಿ ಎಲ್ಲ ತೊಳದು ಕುಂಕುಮ ಹಚ್ಚಿ ಪೂಜಿಗೆ ಇಟ್ಟಾಗಿತ್ತು. ಮರುದಿನ ಬನ್ನಿ ಕೊಡೂ ತನಕ ಹತ್ಯಾರ ಮುಟ್ಟೂ ಹಂಗಿಲ್ಲ ನಮ್ಮಲ್ಲಿ. ಬಾಬು ಘಾಟಿನ ಆಚೆ ಸಾಸವಡಕ್ಕ ಹೊಂಟಿದ್ದ. ಹೆಂಡತಿ ಚಂದಮ್ಮ ಅಲ್ಲಿ ತನ್ನ ಅಣ್ಣನ ಮನಿಗೆ ಮೊದಲೇ ಹೋಗಿದ್ದಳು, ಇವ ಮಗಳು ಇಂದೂನ ಕರಕೊಂಡು ಹಬ್ಬದ ಊಟಕ್ಕ ಮುಟ್ಟಬೇಕಿತ್ತು. ಕಾರಿಗೆ ಹಾರ, ಗಾಲಿ ಕೆಳಗ ನಿಂಬಿಹಣ್ಣು.

"ಅಣ್ಣಾ, ಟೈರು ನಡೀತದೇನು?" ಅಂತ ಕೇಳಿದ.

ಪೂಜಿ ಆದ ಗಾಡಿಗೆ ಬ್ಯಾಡ ಅನ್ನೂದು ಹೆಂಗ? "ಏ, ನಡೀತದ ಹೋಗೋ. ಬಂದ ಮ್ಯಾಲ ನೋಡೂಣು," ಅಂದ ಗುರಣ್ಣ. ಅಂದು, ಬಿರುಕಿನ ಮ್ಯಾಲ ಪಾಲಿಶ್ ಹಚ್ಚಿದ. ಹಾರ ಹಾಕಿದ ಕಾರಿನ ಫೋಟೋದಾಗ ಛಂದ ಕಾಣ್ಲಿ ಅಂತ.

ಘಾಟಿನಾಗ ಮುಂದಿನ ಟೈರು ಒಡೀತು. ಬಾಬು ಅಲ್ಲೇ ಹೋದ. ಇಂದೂನ ಕಾಲು ಮುರೀತು. ಮಂದಿ ಬಾಯಿಗೆ ಬಾಗಲ ಎಲ್ಲದ? ಹಬ್ಬದಾಗ ಕುಡದಿದ್ದ, ಜೋರ ಓಡಿಸಿದ ಅಂದ್ರು. ಚಂದಮ್ಮನೂ ನಂಬಿದಳು, ಸತ್ತ ಗಂಡಗ ದಿನಾ ಬೈತಿದ್ದಳು. ಗುರಣ್ಣ ಹೆಣಕ್ಕ ಹೆಗಲು ಕೊಟ್ಟು ಬಂದವ... ಬಾಯಿ ಬಿಡಲಿಲ್ಲ.

ಬಾಬುನ ಕಂಡ ಆ ರಾತ್ರಿ ಗುರಣ್ಣ ಮರದ ಕೆಳಗಿಂದ ಓಡಿ ಬಂದ. ಮರುದಿನ ಬ್ಯಾರೆ ದಾರಿ ಹಿಡಿದ್ರ ಅಲ್ಲೂ ಗುರ್ರ್... ಥಪ್. ಜ್ವರ ಬಂತು. ನನ್ನ ಕರೆಸಿ ಎಲ್ಲ ಹೇಳಿದ. "ಸುಮಂಗಲಾ, ಎಷ್ಟು ತೊಳದ್ರೂ ಕೈಯಾಗಿನ ವಾಸನಿ ಹೋಗವಲ್ದು. ಒಂದು ತಾಯತ ತಂದು ಕೊಡು."

ನನಗ ಸಿಟ್ಟು ಬಂತು. "ದೆವ್ವಕ್ಕ ತಾಯತ ಸಿಗ್ತದ. ನೀ ಮಾಡಿದ್ದಕ್ಕ ಎಲ್ಲಿಂದ ತರ್ಲಿ?" ಅಂದೆ.

ಅವತ್ತು ರಾತ್ರಿ ತಾನೇ ಎದ್ದು ಮರದ ಕೆಳಗ ಹೋಗಿ ನಿಂತ. ಟೈರು ಬಂತು. "ಅಣ್ಣಾ... ನಡೀತದೇನು?"

"ನಡ್ಯಂಗಿಲ್ಲ ಬಾಬು. ಅವತ್ತೂ ನಡೀತಿರಲಿಲ್ಲ. ನನಗ ಗೊತ್ತಿತ್ತು."

ಸ್ಸ್ಸ್... ಅಂತ ಗಾಳಿ ಹೋದ ಸಪ್ಪಳ. ಅದು ಟೈರಿಂದ ಬಂತೋ, ಬಾಬುನ ಬಾಯಿಂದ ಬಂತೋ.

"ನನಗ್ಯಾಕ ಹೇಳ್ತಿ ಅಣ್ಣಾ... ಆಕಿಗೆ ಹೇಳು."

ಬೆಳಗಾದ ಮ್ಯಾಲ ಗುರಣ್ಣ, ನಾನು ಇಬ್ಬರೂ ಚಂದಮ್ಮನ ಮನಿಗೆ ಹೋದಿವಿ. ಗುರಣ್ಣ ಒಂದೂ ಮುಚ್ಚದಂಗ ಹೇಳಿದ. ಟೈರಿನ ವಯಸ್ಸು, ಬಿರುಕು, ಪಾಲಿಶ್.

"ಇಷ್ಟು ದಿನ ಅವರಿಗೆ ಬೈದೀನ್ರಿ ಅಣ್ಣಾ," ಅಂದಳು ಚಂದಮ್ಮ. "ಅವೆಲ್ಲ ನಿಮಗ ಬೈಬೇಕಾದ ಬೈಗಳ ಇದ್ದವು."

ಗುರಣ್ಣ ಅತ್ತ. ಆಕಿ ಸಮಾಧಾನ ಮಾಡಲಿಲ್ಲ. ನಾನೂ ಮಾಡಲಿಲ್ಲ. ಆಮ್ಯಾಲೆ ಎದ್ದು ಚಹಾ ಮಾಡಿ ತಂದಳು. ನಮ್ಮ ಮುಂದ ಎರಡು ಕಪ್ಪು ಇಟ್ಟು, ಇನ್ನೊಂದನ್ನ ಬಾಗಲ ಹತ್ತಿರದ ಖಾಲಿ ಚಾಪಿ ಮುಂದ ಇಟ್ಟಳು. ಅದು ಆಕಿದೇ ಇರಬೇಕು ಅಂದುಕೊಂಡೆ. ಆದ್ರ ಆಕಿ ಆಚೀ ಗ್ವಾಡಿಗೆ ಒರಗಿ ಕೂತವಳು ಏಳಲೇ ಇಲ್ಲ. ಇಂದೂ ಸಾಲಿಗೆ ಹೋಗಿತ್ತು.

ಹೊರಡೂ ಮುಂದ ನೋಡಿದೆ. ಆ ಕಪ್ಪು ಖಾಲಿ. ಕಪ್ಪಿನ ಕೆಳಗಿನ ಬಸಿ ಹಸಿ ಇತ್ತು, ಯಾರೋ ಬಸ್ಯಾಗ ಸುರಕೊಂಡು ಕುಡದಂಗ... ನಾ ಅಲ್ಲೇ ಕೂತಿದ್ದೆ. ಒಳಗ ಯಾರೂ ಬಂದಿಲ್ಲ. ಸುಳ್ಳು ಹೇಳಿ ನನಗೇನು ಸಿಗೂದದ? ಬೆರಳು ಇಟ್ಟು ನೋಡೀನಿ, ಬಸಿ ಇನ್ನೂ ಬೆಚ್ಚಗಿತ್ತು.